ಬಾಡಿ ಎತ್ತುವ ಮೊದಲು: ಟ್ರಯಂಫ್ ಸ್ಪಿಟ್‌ಫೈರ್ ಬಿಚ್ಚುವವರಿಗೆ

ಹಳೆಯ ಸ್ಪೋರ್ಟ್ಸ್ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಬಾಡಿಯನ್ನು ಚಾಸಿಯಿಂದ ಬೇರೆ ಮಾಡುವ ದಿನವೆಂದರೆ ಹಬ್ಬ. ಸ್ನೇಹಿತರು ಸೇರುತ್ತಾರೆ, ಫೋಟೊ ತೆಗೆಯುತ್ತಾರೆ, ಅರ್ಧ ಗಂಟೆಯೊಳಗೆ ಕಾರು ಎರಡಾಗಿ ನಿಂತಿರುತ್ತದೆ. ತೊಂದರೆ ಗೊತ್ತಾಗುವುದು ತಿಂಗಳುಗಳು ಕಳೆದ ಮೇಲೆ. ಪೇಂಟ್ ಆಗಿ ಬಂದ ಬಾಡಿಯನ್ನು ಚಾಸಿಯ ಮೇಲೆ ಕೂರಿಸಿ ಬಾಗಿಲು ತಳ್ಳಿದರೆ ಮುಚ್ಚುವುದಿಲ್ಲ. ಮುಚ್ಚಿದರೂ ಮೇಲ್ಗಡೆ ತಗಡಿಗೆ ತಗಡು ಉಜ್ಜುತ್ತದೆ, ಕೆಳಗಡೆ ಬೆರಳು ತೂರುತ್ತದೆ. ಆಗ ಉಳಿಯುವ ದಾರಿ ಒಂದೇ: ಹೊಸ ಪೇಂಟ್ ಕೆರೆದು, ವೆಲ್ಡಿಂಗ್ ಕತ್ತರಿಸಿ, ಮೊದಲಿಂದ ಶುರು. ಹಾಗಾಗಿ ಇಲ್ಲಿ ಎತ್ತುವ ಕೆಲಸಕ್ಕಿಂತ ಅದಕ್ಕೆ ಮೊದಲು ಮಾಡಬೇಕಾದ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಆರಿಸಿಕೊಂಡಿರುವುದು ಟ್ರಯಂಫ್ ಸ್ಪಿಟ್‌ಫೈರ್. ಇಂಗ್ಲೆಂಡಿನ ಕೊವೆಂಟ್ರಿ ಪಕ್ಕದ ಕ್ಯಾನ್ಲಿ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡು ಸೀಟಿನ, ಮೇಲೆ ತೆರೆದ ಕಾರು. ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ಅಲ್ಲಿಂದ ಹೊರಬಂದವು. ಬಿಡಿಭಾಗಗಳು ಈಗಲೂ ಸಿಗುತ್ತವೆ, ರಚನೆ ಸರಳ, ಮನೆಯ ಶೆಡ್ಡಿನಲ್ಲೇ ಕೆಲಸ ಮಾಡಬಹುದು. ಬಾಡಿ ಎತ್ತುವಾಗ ಆಗಬಹುದಾದ ಎಲ್ಲ ಅನಾಹುತಗಳಿಗೂ ಇದರಲ್ಲಿ ಅವಕಾಶವಿದೆ. ಆದ್ದರಿಂದ ಕಲಿಯಲು ಇದಕ್ಕಿಂತ ಒಳ್ಳೆಯ ಕಾರಿಲ್ಲ.

ಮೊದಲಿಗೆ ನಿಮ್ಮ ಕಾರಿನ ಬಾಡಿ ಬಿಚ್ಚಿಬರುವಂಥದ್ದೇ ಎಂದು ಖಚಿತ ಮಾಡಿಕೊಳ್ಳಿ. ಸ್ಪಿಟ್‌ಫೈರ್ ಬಂದ ವರ್ಷವೇ ಬಂದ ಎಂಜಿಬಿ ಮೋನೊಕಾಕ್. ಅದರಲ್ಲಿ ಬಾಡಿಯೇ ಚಾಸಿ, ಬೇರೆ ಮಾಡಲು ಏನೂ ಇಲ್ಲ. 1961ರ ಜಾಗ್ವಾರ್ ಇ-ಟೈಪ್‌ನಲ್ಲಿ ನಡುಭಾಗ ಮೋನೊಕಾಕ್, ಮುಂದೆ ಎಂಜಿನ್ ಹೊರುವ ಪೈಪುಗಳ ಚೌಕಟ್ಟು ಮಾತ್ರ ಬಿಚ್ಚಿಬರುತ್ತದೆ. ಲೋಟಸ್ ಎಲಾನ್‌ನಲ್ಲಿ ಬೆನ್ನೆಲುಬಿನಂಥ ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಬಾಡಿ. ಹಳೆಯ ಕಾರ್ವೆಟ್‌ಗಳಲ್ಲೂ ಫೈಬರ್‌ಗ್ಲಾಸ್ ಬಾಡಿಯ ಕೆಳಗೆ ಬೇರೆಯದೇ ಫ್ರೇಮ್ ಇದೆ. ಟ್ರಯಂಫ್‌ನವರ ಟಿಆರ್ ಸಾಲಿನಲ್ಲಿ ಟಿಆರ್6ರವರೆಗೆ ಚಾಸಿ ಪ್ರತ್ಯೇಕ.

ಉಳಿದ ಕಂಪನಿಗಳೆಲ್ಲ ಮೋನೊಕಾಕ್ ಕಡೆ ಹೊರಳುತ್ತಿದ್ದಾಗ ಟ್ರಯಂಫ್ ಯಾಕೆ ಬೇರೆ ಚಾಸಿಯನ್ನೇ ಹಿಡಿದುಕೊಂಡಿತು? ಉತ್ತರ ಹೆರಾಲ್ಡ್‌ನಲ್ಲಿದೆ. ಟ್ರಯಂಫ್‌ಗೆ ಬಾಡಿ ಒದಗಿಸುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಂಪನಿಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಕೊಂಡಿತು. ಹೊಸ ಕಾರಿಗೆ ಇಡೀ ಬಾಡಿ ಮಾಡಿಕೊಡುವವರು ಇಲ್ಲವಾದರು. ಆಗ ಬಾಡಿಯನ್ನು ತುಂಡುತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಒಂದು ಗಟ್ಟಿ ಚಾಸಿಯ ಮೇಲೆ ಬೋಲ್ಟ್ ಹಾಕಿ ಜೋಡಿಸುವ ಉಪಾಯ ಮಾಡಿದರು. 1959ರಲ್ಲಿ ಬಂದ ಆ ಹೆರಾಲ್ಡನ್ನು ರೂಪಿಸಿದವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಬಿಡಿಯಾಗಿ ಕಳಿಸಿ ಬೇರೆ ದೇಶಗಳಲ್ಲಿ ಜೋಡಿಸುವುದಕ್ಕೂ ಈ ವಿನ್ಯಾಸ ಹೇಳಿಮಾಡಿಸಿದಂತಿತ್ತು. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಬೆಂಗಳೂರು, ಮೈಸೂರುಗಳ ಹಳಬರಿಗೆ ಬಾನೆಟ್ಟು ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಆ ಕಾರು ನೆನಪಿರುತ್ತದೆ. ಸ್ಪಿಟ್‌ಫೈರ್ ಅದರ ತಂಗಿ. ಮಿಕೆಲೊಟ್ಟಿಯದೇ ಕೈ, ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿದ್ದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೆರಾಲ್ಡಿನಲ್ಲಿ 91.5 ಇಂಚು, ಸ್ಪಿಟ್‌ಫೈರಿನಲ್ಲಿ 83 ಇಂಚು. ಹೀಗಾಗಿ ಮನೆಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡಿರುವವರಿಗೂ ಈ ಲೇಖನದ ಬಹಳಷ್ಟು ವಿಷಯ ಅನ್ವಯಿಸುತ್ತದೆ.

ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ಹೆರಾಲ್ಡಿನ ಚಾಸಿಯಲ್ಲಿ ಎರಡು ಪಕ್ಕಕ್ಕೂ ಉದ್ದುದ್ದದ ಹೊರ ತೊಲೆಗಳಿವೆ, ಬಾಡಿಯ ಭಾರ ಅವುಗಳ ಮೇಲೆ ಕೂರುತ್ತದೆ. ಸ್ಪಿಟ್‌ಫೈರಿನಲ್ಲಿ ಆ ಪಕ್ಕದ ತೊಲೆಗಳನ್ನು ತೆಗೆದುಹಾಕಿದರು. ಅವುಗಳ ಕೆಲಸವನ್ನು ಮಾಡುವುದು ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ, ಪೆಟ್ಟಿಗೆಯಾಕಾರದ ಸಿಲ್‌ಗಳು. ಅವು ಬಾಡಿಯ ಭಾಗ. ಮೇಲೆ ಚಾವಣಿ ಇಲ್ಲ, ಪಕ್ಕಕ್ಕೆ ಬಾಗಿಲಿಗಾಗಿ ದೊಡ್ಡ ಕಿಂಡಿ. ಫೈರ್‌ವಾಲನ್ನೂ ಹಿಂದಿನ ಅರ್ಧವನ್ನೂ ಸರಿಯಾದ ಅಂತರದಲ್ಲಿ ಹಿಡಿದಿಟ್ಟಿರುವುದು ಆ ಎರಡು ಸಿಲ್‌ಗಳು, ಫ್ಲೋರು ಮತ್ತು ಕೆಳಗಿನ ಚಾಸಿ. ಸಿಲ್ ತುಕ್ಕು ತಿಂದಿರುವ ಬಾಡಿಯನ್ನು ಚಾಸಿಯಿಂದ ಎತ್ತಿದಿರೋ, ಅದು ಹಪ್ಪಳದಂತೆ ನಡುವಿನಲ್ಲಿ ಬಾಗುತ್ತದೆ. ಬಾಗಿದ ಆಕಾರದಲ್ಲೇ ಹೊಸ ಸಿಲ್ ವೆಲ್ಡ್ ಮಾಡಿದರೆ ತಪ್ಪು ಶಾಶ್ವತವಾಗುತ್ತದೆ.

ಎತ್ತಲೇಬೇಕೇ?

ಬಹಳ ಜನ ಎತ್ತುವುದು ಬೇರೆಯವರು ಎತ್ತಿದ್ದಾರೆ ಎಂಬ ಕಾರಣಕ್ಕೆ. ಸ್ಪಿಟ್‌ಫೈರಿನಲ್ಲಿ ಮೊದಲು ಕೊಳೆಯುವುದು ಬಾಡಿ, ಚಾಸಿ ಅಲ್ಲ. ಚಾಸಿಯ ತಗಡು ದಪ್ಪ, ಮುಂಭಾಗಕ್ಕೆ ಎಂಜಿನ್ನಿನಿಂದ ಸೋರಿದ ಆಯಿಲ್ಲೇ ರಕ್ಷಣೆ. ಸಿಲ್, ಫ್ಲೋರು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ, ಇವನ್ನೆಲ್ಲ ಬಾಡಿ ಚಾಸಿಯ ಮೇಲಿದ್ದಾಗಲೇ ಸರಿಮಾಡಬಹುದು. ಹಾಗೆಯೇ ಮಾಡುವುದು ಒಳ್ಳೆಯದು ಕೂಡ, ಯಾಕೆಂದರೆ ಅಳತೆ ತಪ್ಪದಂತೆ ಹಿಡಿದಿಡುವ ಅಚ್ಚು ಚಾಸಿಯೇ.

ಚಾಸಿಯಲ್ಲಿ ಬಾಡಿಯನ್ನು ಹೊರುವ ಅಡ್ಡತೋಳುಗಳ ತುದಿ ಉದುರುತ್ತಿದ್ದರೆ, ಡಿಫರೆನ್ಷಿಯಲ್ ಸುತ್ತ ತುಕ್ಕು ಆಳಕ್ಕೆ ಹೋಗಿದ್ದರೆ, ಹಿಂದೆಂದೋ ಅಪಘಾತದಲ್ಲಿ ಮುಂದಿನ ತೊಲೆಗಳು ಸೊಟ್ಟಗಾಗಿದ್ದರೆ ಎತ್ತಲೇಬೇಕು. ಚಾಸಿಯನ್ನು ಬ್ಲಾಸ್ಟಿಂಗ್ ಮಾಡಿಸಿ ಮುಂದಿನ ಮೂವತ್ತು ವರ್ಷ ಆ ಕಡೆ ನೋಡಬಾರದು ಎಂಬ ಆಸೆಯೂ ಒಪ್ಪತಕ್ಕ ಕಾರಣವೇ. ಇವು ಯಾವುದೂ ಇಲ್ಲದಿದ್ದರೆ ಬಾಡಿಯನ್ನು ಅದರ ಜಾಗದಲ್ಲೇ ಬಿಡಿ ಎಂಬುದು ನನ್ನ ಸಲಹೆ. ಅರ್ಧಕ್ಕೆ ನಿಂತು ಮಾರಾಟಕ್ಕೆ ಬರುವ ಹಳೆಯ ಕಾರುಗಳನ್ನು ನೋಡಿ. ಬಾಡಿ ಒಂದು ಮೂಲೆಯಲ್ಲಿ, ಚಾಸಿ ಇನ್ನೊಂದು ಮೂಲೆಯಲ್ಲಿ, ನಟ್ಟುಬೋಲ್ಟು ಹೆಸರಿಲ್ಲದ ಡಬ್ಬಗಳಲ್ಲಿ. ಆಸೆಗಿಂತ ಮೊದಲು ಜಾಗ ಬೇಕು. ಬಾಡಿಗೊಂದು, ಚಾಸಿಗೊಂದು, ಬಿಚ್ಚಿದ ಭಾಗಗಳಿಗೊಂದು ಎಂದರೆ ಒಂದು ಕಾರು ಮೂರು ಕಾರಿನ ಜಾಗ ಕೇಳುತ್ತದೆ.

ಆಕಾರ ಹಿಡಿದಿಡುವುದು

ಎತ್ತುವುದೆಂದು ತೀರ್ಮಾನವಾದರೆ ಮೊದಲ ಕೆಲಸ ಏನನ್ನೂ ಬಿಚ್ಚದೆ ನೋಡುವುದು. ಕಾರು ಸಮತಟ್ಟು ನೆಲದ ಮೇಲೆ ತನ್ನ ಚಕ್ರಗಳ ಮೇಲೇ ನಿಂತಿರಲಿ. ಬಾಗಿಲು ಮುಚ್ಚಿ, ಸುತ್ತಲಿನ ಸಂದನ್ನು ಮುಂದೆ, ಹಿಂದೆ, ಕೆಳಗೆ ಮೂರ್ನಾಲ್ಕು ಕಡೆ ಅಳೆದು ಬರೆದಿಡಿ. ಬಾಗಿಲ ಹಿಂಬದಿ ಸಂದು ಮೇಲ್ಗಡೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವಿನಲ್ಲಿ ಆಗಲೇ ಕುಸಿದಿದೆ ಎಂದರ್ಥ. ಬಾಗಿಲು ತೆರೆದು ಕಿಂಡಿಯ ಕರ್ಣಗಳನ್ನು ಅಳೆಯಿರಿ: ಮೇಲಿನ ಹಿಂಜಿನ ಬೋಲ್ಟಿನಿಂದ ಹಿಂದಿನ ಕಂಬದ ಬುಡಕ್ಕೆ, ಕೆಳಗಿನ ಹಿಂಜಿನಿಂದ ಲಾಕ್ ಕೂರುವ ಜಾಗಕ್ಕೆ. ಎಡಕ್ಕೂ ಬಲಕ್ಕೂ ಅಳತೆ ಹೊಂದಬೇಕು. ಒಂದು ಕಡೆ ಹೊಂದದಿದ್ದರೆ ಆ ಕಡೆಯ ಸಿಲ್ಲನ್ನು ಹಿಂದೆ ಯಾರೋ ಬದಲಿಸಿರಬಹುದು.

ಆಮೇಲೆ ಸಿಲ್. ಇದು ಒಂದೇ ತಗಡಲ್ಲ: ಒಳಗಿನ ಸಿಲ್, ನಡುವೆ ಬಲಕ್ಕಾಗಿ ನಿಲ್ಲಿಸಿದ ತಗಡು, ಹೊರಗೆ ಕಾಣುವ ಸಿಲ್, ಹೀಗೆ ಮೂರು ಪದರ. ಹೊರಗಿನದಕ್ಕೆ ಪುಟ್ಟಿ ಬಳಿದು ಪೇಂಟ್ ಹೊಡೆದರೆ ಒಳಗಿನ ಎರಡೂ ಪುಡಿಯಾಗಿರುವುದು ತಿಳಿಯುವುದೇ ಇಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ಬಡಿಯುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಪುಟ್ಟಿ ಇರುವ ಕಡೆ ಸದ್ದು ಮಂದ. ಸಂಶಯ ಬಂದಲ್ಲಿ ತುದಿಯಿಂದ ಚುಚ್ಚಿ ನೋಡಿ. ಕೆಳಗಿನ ಅಂಚು, ಅದರಲ್ಲೂ ಹಿಂದಿನ ಚಕ್ರದ ಹತ್ತಿರ, ಮೊದಲು ಹೋಗುವ ಜಾಗ.

ಸಿಲ್ ಹೋಗಿದ್ದರೆ, ಬಾಡಿ ಚಾಸಿಯ ಮೇಲಿರುವಾಗಲೇ ಹೊಸ ಸಿಲ್ ಕೂರಿಸಿ ಮುಗಿಸಿ. ಎತ್ತುವುದು ಅದರ ನಂತರ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಒಂದು ಪಕ್ಕ ಪೂರ್ತಿ ಮುಗಿಯುವ ತನಕ ಇನ್ನೊಂದು ಪಕ್ಕವನ್ನು ಕತ್ತರಿಸಬೇಡಿ. ಬಾಗಿಲು ಹಿಂಜಿನಲ್ಲೇ ಇರಲಿ. ಹೊಸ ತಗಡನ್ನು ಮೊದಲು ಕ್ಲಾಂಪ್ ಹಾಕಿ ಹಿಡಿಸಿ, ಬಾಗಿಲು ಮುಚ್ಚಿ ಸಂದು ನೋಡಿ, ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿ, ಮತ್ತೆ ಬಾಗಿಲು ಮುಚ್ಚಿ ನೋಡಿ. ಒಂದೇ ಉಸಿರಿಗೆ ಉದ್ದ ಎಳೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ನಮ್ಮ ಊರುಗಳಲ್ಲಿ ಗ್ಯಾಸ್ ವೆಲ್ಡಿಂಗಿನಲ್ಲಿ ಪಳಗಿದ ಟಿಂಕರ್‌ಗಳು ಇನ್ನೂ ಇದ್ದಾರೆ, ಅವರ ಕೈಗುಣ ದೊಡ್ಡದು. ಆದರೂ ಈ ತೆಳು ತಗಡಿಗೆ ಮಿಗ್ ವೆಲ್ಡಿಂಗಿನ ಕಡಿಮೆ ಕಾವೇ ಕ್ಷೇಮ.

ಸಿಲ್ ಗಟ್ಟಿಯಾಗಿದ್ದರೂ, ಹೊಸದಾಗಿದ್ದರೂ, ಎತ್ತುವ ಮುನ್ನ ಬಾಗಿಲ ಕಿಂಡಿಗೆ ಆಸರೆ ಕಟ್ಟಬೇಕು. ಒಂದಿಂಚಿನ ಚೌಕ ಪೈಪು ಸಾಕು. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಮೇಲೊಂದು, ಕರ್ಣವಾಗಿ ಇನ್ನೊಂದು. ಎಡಗಡೆಯ ಹಿಂದಿನ ಕಂಬದಿಂದ ಬಲಗಡೆಯದಕ್ಕೆ ಅಡ್ಡವಾಗಿ ಮತ್ತೊಂದು. ಸೀಟ್‌ಬೆಲ್ಟಿನ ಬೋಲ್ಟಿನ ತೂತುಗಳಂಥ ಗಟ್ಟಿ ಜಾಗ ಸಿಕ್ಕಲ್ಲಿ ಬೋಲ್ಟ್ ಹಾಕಿ, ಸಿಗದ ಕಡೆ ಚಿಕ್ಕ ವೆಲ್ಡ್ ಇಡಿ. ಪೈಪುಗಳನ್ನು ಕಿಂಡಿಯ ಒಳಮಗ್ಗುಲಿಗೆ ಬರುವಂತೆ ಕೂರಿಸಿದರೆ ಆಸರೆ ಇದ್ದಾಗಲೂ ಬಾಗಿಲು ತೂಗುಹಾಕಿ ಮುಚ್ಚಿ ನೋಡಬಹುದು. ಹೊರಮಗ್ಗುಲಿಗೆ ಹಾಕಿದರೆ ಆ ಅನುಕೂಲ ಹೋಯಿತು. ಇಷ್ಟಾದ ಮೇಲೆಯೇ ಬಾಗಿಲು ತೆಗೆಯಿರಿ.

ಬಿಚ್ಚುವ ಕೆಲಸ

ಬ್ಯಾಟರಿ ಮೊದಲು ಹೊರಗೆ. ಹಿಂದೆಯೇ ಪೆಟ್ರೋಲ್ ಟ್ಯಾಂಕ್. ಸ್ಪಿಟ್‌ಫೈರಿನಲ್ಲಿ ಅದು ಡಿಕ್ಕಿಯ ಒಳಗೆ, ಸೀಟಿನ ಹಿಂದಿನ ಗೋಡೆಗೆ ಒರಗಿಕೊಂಡಿದೆ. ಪೆಟ್ರೋಲ್ ತೆಗೆದ ಮಾತ್ರಕ್ಕೆ ಟ್ಯಾಂಕ್ ಅಪಾಯದಿಂದ ಪಾರಾಗುವುದಿಲ್ಲ, ಒಳಗೆ ಉಳಿದ ಆವಿಯೇ ಸಿಡಿಯುವಂಥದ್ದು. ಗ್ರೈಂಡರ್, ವೆಲ್ಡಿಂಗ್ ನಡೆಯುವ ಶೆಡ್ಡಿನಿಂದ ಅದನ್ನು ದೂರ ಇಡಿ. ಸಿಲ್ ಕೆಲಸ ಇದ್ದರಂತೂ ಟ್ಯಾಂಕು ಅದಕ್ಕೂ ಮೊದಲೇ ಹೊರಹೋಗಿರಬೇಕು. ತಳಕ್ಕೆ ಬಳಿದ ಹಳೆಯ ಡಾಂಬರಿನಂಥ ಲೇಪವೂ ಬೆಂಕಿ ಹಿಡಿಯುತ್ತದೆ. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬಾನೆಟ್ಟು ಈ ಕಾರಿನಲ್ಲಿ ಮುಂದಿನ ರೆಕ್ಕೆಗಳೂ ಸೇರಿ ಒಂದೇ ತುಂಡು. ಲೈಟಿನ ವೈರುಗಳನ್ನು ಬಿಡಿಸಿ, ಹಿಂಜಿನ ಬೋಲ್ಟ್ ಇದ್ದ ಜಾಗಕ್ಕೆ ಗುರುತು ಹಾಕಿ, ಇಬ್ಬರು ಹಿಡಿದು ಎತ್ತಿದರೆ ಬಂದುಬಿಡುತ್ತದೆ. ಇಡೀ ಎಂಜಿನ್, ಮುಂದಿನ ಸಸ್ಪೆನ್ಷನ್ ಬಯಲಾಗುತ್ತವೆ. ರೇಡಿಯೇಟರ್, ಎಂಜಿನ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಎಲ್ಲ ಚಾಸಿಗೆ ಸೇರಿದವು, ಅವು ಅಲ್ಲೇ ಇರಲಿ. ನೀವು ಬಿಡಿಸಬೇಕಾದ್ದು ಚಾಸಿಗೂ ಬಾಡಿಗೂ ನಡುವೆ ಓಡಾಡುವ ಸಂಬಂಧಗಳನ್ನು ಮಾತ್ರ.

ಅವು ಹೆಚ್ಚಾಗಿ ಫೈರ್‌ವಾಲಿನ ಹತ್ತಿರವೇ ಸೇರಿಕೊಂಡಿವೆ. ಬ್ರೇಕ್ ಮತ್ತು ಕ್ಲಚ್‌ನ ಮಾಸ್ಟರ್ ಸಿಲಿಂಡರುಗಳು ಅದರ ಮೇಲಿವೆ, ಅಲ್ಲಿಂದ ಕೆಳಗಿಳಿಯುವ ಪೈಪುಗಳನ್ನು ಬಿಚ್ಚಬೇಕು. ಬ್ರೇಕ್ ಫ್ಲೂಯಿಡ್ ಪೇಂಟನ್ನು ಸುಲಿದುಹಾಕುತ್ತದೆ, ಕೆಳಗೆ ಬಟ್ಟೆ ಹಾಸಿರಿ. ಹೀಟರಿನ ಎರಡು ಹೋಸ್, ಆಕ್ಸಿಲರೇಟರ್, ಚೋಕ್ ಕೇಬಲ್, ಪೆಟ್ರೋಲ್ ಪೈಪು, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ. ಸ್ಟಿಯರಿಂಗ್ ಕಾಲಮ್ಮಿನ ಕೆಳತುದಿಯ ಜಾಯಿಂಟಿಗೆ ಗುರುತು ಹಾಕಿ ಬೋಲ್ಟ್ ತೆಗೆದು ಕಾಲಮ್ಮನ್ನು ಒಳಕ್ಕೆ ಎಳೆದುಕೊಳ್ಳಿ, ಸ್ಟಿಯರಿಂಗ್ ರ್‍ಯಾಕ್ ಚಾಸಿಯಲ್ಲಿ ಉಳಿಯುತ್ತದೆ.

ವೈರಿಂಗಿಗೆ ಹೆದರಬೇಕಾಗಿಲ್ಲ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬಣ್ಣಕ್ಕೆ ಅರ್ಥವಿದೆ. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬರುವ ಕರೆಂಟು, ಬಿಳಿ ಇಗ್ನಿಷನ್ ಹಾಕಿದ ಮೇಲೆ ಬರುವುದು, ಹಸಿರು ಅದೇ ಫ್ಯೂಸ್ ದಾಟಿ ಬರುವುದು, ನೇರಳೆ ಸದಾ ಕರೆಂಟಿರುವ ಫ್ಯೂಸಿನದು, ನೀಲಿ ಹೆಡ್‌ಲೈಟಿನದು, ಕೆಂಪು ಪಾರ್ಕಿಂಗ್ ಲೈಟಿನದು, ಕಪ್ಪು ಅರ್ತ್. ಆದರೂ ಪ್ರತಿ ತುದಿಗೂ ಚೀಟಿ ಅಂಟಿಸಿ, ಯಾಕೆಂದರೆ ಐವತ್ತು ವರ್ಷದಲ್ಲಿ ಯಾವ ಯಾವ ಎಲೆಕ್ಟ್ರಿಷಿಯನ್ ಯಾವ ಬಣ್ಣದ ವೈರು ಎಳೆದಿದ್ದಾನೋ. 1967ರ ಮಾರ್ಕ್ 3ಕ್ಕಿಂತ ಮೊದಲಿನ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಅರ್ತ್ ಎಂಬುದೂ ಗಮನದಲ್ಲಿರಲಿ.

ಕಾರಿನ ಒಳಗೆ ಸೀಟು, ಕಾರ್ಪೆಟ್, ಗೇರ್‌ಬಾಕ್ಸ್ ಮೇಲಿನ ಮುಚ್ಚಳ ತೆಗೆಯಿರಿ. ಈ ಕಾರಿನಲ್ಲಿ ಗೇರ್‌ಬಾಕ್ಸ್ ಹೊರಗೆ ತೆಗೆಯುವುದೂ ಇದೇ ದಾರಿಯಿಂದ, ಹಾಗಾಗಿ ಮುಚ್ಚಳ ಸುಲಭವಾಗಿ ಬರುತ್ತದೆ. ಗೇರ್ ಲಿವರ್ ಮತ್ತು ಸ್ಪೀಡೋಮೀಟರ್ ಕೇಬಲ್ ಬಿಡಿಸಿ. ಹ್ಯಾಂಡ್‌ಬ್ರೇಕ್ ಲಿವರ್ ಬಾಡಿಯಲ್ಲಿದೆ, ಅದರ ಕೇಬಲ್ ಹೋಗುವುದು ಹಿಂದಿನ ಚಕ್ರಗಳಿಗೆ, ಅದನ್ನೂ ಬಿಡಿಸಬೇಕು. ಸೈಲೆನ್ಸರ್ ಎಲ್ಲೆಲ್ಲಿ ಬಾಡಿಗೆ ತೂಗುಬಿದ್ದಿದೆ ನೋಡಿ.

ಇನ್ನು ಬಹಳ ಜನ ಮರೆಯುವುದೊಂದಿದೆ. ಹಿಂದಿನ ಚಕ್ರಗಳನ್ನು ಮುಂದಕ್ಕೂ ಹಿಂದಕ್ಕೂ ಅಲುಗದಂತೆ ಹಿಡಿಯುವ ರೇಡಿಯಸ್ ಆರ್ಮ್‌ಗಳ ಮುಂದಿನ ತುದಿ ಸ್ಪಿಟ್‌ಫೈರಿನಲ್ಲಿ ಚಾಸಿಗೆ ಸೇರಿಲ್ಲ. ಸೀಟಿನ ಹಿಂದೆ, ಬಾಡಿಯ ತಳಕ್ಕೆ ಬೋಲ್ಟ್ ಮಾಡಿದ ಒಂದು ಬ್ರಾಕೆಟ್ಟಿಗೆ ಸೇರಿದೆ. ಅದನ್ನು ಬಿಚ್ಚದೆ ಎತ್ತಲು ಹೋದರೆ ಬಾಡಿಯ ಜೊತೆ ಹಿಂದಿನ ಸಸ್ಪೆನ್ಷನ್ನೂ ಎದ್ದುಬರುತ್ತದೆ. ಬಿಚ್ಚುವಾಗ ಬ್ರಾಕೆಟ್ಟಿನ ಹಿಂದೆ ತೆಳು ತಗಡಿನ ಪಟ್ಟಿಗಳು ಸಿಗುತ್ತವೆ. ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಅವು ಬೇಕಾಗುತ್ತವೆ.

ಬೋಲ್ಟುಗಳು

ಬಾಡಿಯನ್ನು ಚಾಸಿಗೆ ಬಿಗಿದಿರುವ ಬೋಲ್ಟುಗಳು ಫೈರ್‌ವಾಲಿನ ಕೆಳಗೆ, ಫ್ಲೋರಿನಲ್ಲಿ, ಸೀಟಿನ ಹಿಂದೆ, ಡಿಕ್ಕಿಯ ತಳದಲ್ಲಿ ಜೋಡಿ ಜೋಡಿಯಾಗಿ ಹಂಚಿಕೊಂಡಿವೆ. ಅರ್ಧ ಶತಮಾನದ ಕೆಸರು, ನೀರು ಕುಡಿದು ಕೂತಿರುವ ಅವು ಒಂದೇ ಮಾತಿಗೆ ಬಗ್ಗುವುದಿಲ್ಲ. ವಾರಕ್ಕೆ ಮುಂಚಿನಿಂದಲೇ ಎರಡೂ ಕಡೆಯಿಂದ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಿರಿ.

ಹೆಚ್ಚಿನವು ಇಂಚಿನ ಲೆಕ್ಕದ ಬೋಲ್ಟುಗಳು: 5/16 ಇಂಚಿನ ಯುಎನ್‌ಎಫ್, ತಲೆಗೆ ಅರ್ಧ ಇಂಚಿನ ಸ್ಪ್ಯಾನರ್. ನಮ್ಮ ಗ್ಯಾರೇಜುಗಳಲ್ಲಿ ಕೈಗೆ ಸಿಗುವುದು 13ರ ಸ್ಪ್ಯಾನರ್, ಅದೂ ಕೂತಂತೆಯೇ ಕಾಣುತ್ತದೆ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಆ 0.3ರ ಸಡಿಲವೇ ಬಿಗಿಯಾದ ಬೋಲ್ಟಿನ ಮೂಲೆಗಳನ್ನು ಸವೆಸಿ ಗುಂಡಗೆ ಮಾಡಲು ಸಾಕು. ಇಂಚಿನ ಅಳತೆಯ, ಹನ್ನೆರಡು ಮೂಲೆಯ ಬದಲು ಆರು ಮೂಲೆಯ ಸಾಕೆಟ್ ಕೊಂಡುಕೊಳ್ಳಿ. ಇಡೀ ಯೋಜನೆಯಲ್ಲಿ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ತುಕ್ಕಿನ ಹಿಡಿತ ಬಿಟ್ಟ ಮೇಲೆ ಸಡಿಲಿಸುವ ಕಡೆಗೆ. ಬೋಲ್ಟಿನ ಜೊತೆ ಕೆಳಗಿನ ನಟ್ಟೂ ತಿರುಗುತ್ತಿದ್ದರೆ ಗುದ್ದಾಡದೆ ಗ್ರೈಂಡರಿನಲ್ಲಿ ತಲೆ ಕತ್ತರಿಸಿ. ಬೋಲ್ಟಿಗೆ ಕೆಲವೇ ರೂಪಾಯಿ, ಅದು ಕೂತಿರುವ ತಗಡು ಹರಿದರೆ ಒಂದು ದಿನದ ವೆಲ್ಡಿಂಗ್.

ಬೋಲ್ಟಿಗಿಂತ ಅಮೂಲ್ಯವಾದದ್ದು ಅದರ ಕೆಳಗಿದೆ. ಬಾಡಿಗೂ ಚಾಸಿಗೂ ನಡುವೆ, ಪ್ರತಿ ಮೌಂಟಿನಲ್ಲೂ ಪ್ಯಾಡುಗಳಿರುತ್ತವೆ. ಕೆಲವು ಕಡೆ ಅವುಗಳ ಜೊತೆ ತೆಳ್ಳನೆಯ ಲೋಹದ ಪಟ್ಟಿ ಒಂದೋ ಎರಡೋ ಸೇರಿರುತ್ತದೆ. ನೋಡಲು ಕಸದಂತಿದ್ದರೂ, ಕಾರ್ಖಾನೆಯಲ್ಲಿ ಬಾಗಿಲಿನ ಸಂದು ಸರಿಯಾಗಲೆಂದು ಯಾರೋ ಅಳೆದು ಕೂರಿಸಿದವು ಅವು. ದೊಡ್ಡ ರಟ್ಟಿನ ಮೇಲೆ ಚಾಸಿಯ ಚಿತ್ರ ಬರೆದು, ಪ್ರತಿ ಬೋಲ್ಟನ್ನೂ ಅದರ ಪ್ಯಾಡು, ಪಟ್ಟಿ, ವಾಷರ್ ಸಮೇತ ಅದೇ ಜಾಗದಲ್ಲಿ ಚುಚ್ಚಿಡಿ. ಪುಡಿಯಾದ ಪ್ಯಾಡಿನದೂ ದಪ್ಪ ಅಳೆದು ಪಕ್ಕದಲ್ಲಿ ಬರೆಯಿರಿ. ಮೊಬೈಲಿನ ಫೋಟೊಗಳಲ್ಲಿ ಈ ದಪ್ಪ ಸಿಗುವುದಿಲ್ಲ.

ಎತ್ತುವ ದಿನ

ಬಾಗಿಲು, ಡಿಕ್ಕಿಯ ಬಾಗಿಲು, ಗಾಜು, ಸೀಟು ತೆಗೆದ ಸ್ಪಿಟ್‌ಫೈರ್ ಬಾಡಿಯನ್ನು ನಾಲ್ವರು ಎತ್ತಬಲ್ಲರು. ಆದರೂ ಆರು ಜನರನ್ನು ಕರೆಯಿರಿ, ಚಾಸಿ ತಳ್ಳಲು ಏಳನೆಯವರು, ಬರಿದೇ ನೋಡುತ್ತ ನಿಲ್ಲಲು ಎಂಟನೆಯವರು. ನೋಡುವವರ ಮಾತೇ ಕೊನೆ. ಅವರು ನಿಲ್ಲಿಸಿ ಎಂದರೆ ಎಲ್ಲರೂ ನಿಲ್ಲಿಸಬೇಕು. ಎಲ್ಲರಿಗೂ ಗಟ್ಟಿ ಕೈಗವಸು ಇರಲಿ, ತುಕ್ಕು ಹಿಡಿದ ತಗಡಿನ ಅಂಚು ಬ್ಲೇಡಿನಷ್ಟೇ ಹರಿತ.

ಹಿಡಿಯುವ ಜಾಗ ಮೊದಲೇ ಗೊತ್ತು ಮಾಡಿ: ಇಬ್ಬರು ಫೈರ್‌ವಾಲಿನ ಎರಡು ಮೂಲೆಗಳಲ್ಲಿ, ಇಬ್ಬರು ಬಾಗಿಲ ಹಿಂದಿನ ಕಂಬದ ಬುಡದಲ್ಲಿ, ಇಬ್ಬರು ಡಿಕ್ಕಿಯ ಹಿಂದಿನ ಮೂಲೆಗಳಲ್ಲಿ. ತೆಳುವಾದ ಹೊರ ತಗಡಿನ ಅಂಚಿಗೆ ಕೈಹಾಕಬಾರದು. ಕಟ್ಟಿದ ಆಸರೆಯ ಪೈಪನ್ನು ಹಿಡಿಯುವುದೂ ಬೇಡ, ಅದು ಆಕಾರ ಕಾಯಲು ಇರುವುದು, ಭಾರ ಹೊರಲು ಅಲ್ಲ.

ಮೊದಲ ಸಲ ಎರಡೇ ಇಂಚು ಎತ್ತಿ ನಿಲ್ಲಿಸಿ. ನೋಡುವವರು ಟಾರ್ಚ್ ಹಿಡಿದು ಸುತ್ತ ಬರಲಿ. ಯಾವುದೋ ವೈರು, ಯಾವುದೋ ಪೈಪು ಇನ್ನೂ ಅಂಟಿಕೊಂಡಿರುವುದು ಸಾಮಾನ್ಯ. ಒಂದು ಮೂಲೆ ಮಾತ್ರ ಏಳದಿದ್ದರೆ ಅಲ್ಲೊಂದು ಬೋಲ್ಟ್ ಉಳಿದಿದೆ, ಇಲ್ಲವೇ ಪ್ಯಾಡು ಕರಗಿ ಅಂಟಿಕೊಂಡಿದೆ. ಜೋರು ಮಾಡಬೇಡಿ, ಇಳಿಸಿ ನೋಡಿ.

ಎಷ್ಟು ಎತ್ತರ ಎತ್ತಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿ. ಬಾನೆಟ್ಟು ಇಲ್ಲದ್ದರಿಂದ ಮುಂಭಾಗ ಬಯಲು, ಚಾಸಿಯನ್ನು ಮುಂದಕ್ಕೆ ತಳ್ಳಿ ಹೊರತೆಗೆಯುವುದು ಸುಲಭ. ಆದರೆ ಹಾಗೆ ತಳ್ಳುವಾಗ ಹಿಂದಿನ ಚಕ್ರಗಳು ಸಿಲ್‌ನ ಕೆಳಗಿಂದ ಹಾಯಬೇಕು. 13 ಇಂಚಿನ ರಿಮ್ಮು, ಟೈರೂ ಸೇರಿ ಸುಮಾರು ಎರಡು ಅಡಿ. ಅಂದರೆ ಸಿಲ್‌ನ ಕೆಳಅಂಚು ಎರಡು ಅಡಿಗಿಂತ ಮೇಲೇರಬೇಕು, ಚಾಸಿ ಪೂರ್ತಿ ಹೊರಬರುವವರೆಗೆ ಅಲ್ಲೇ ನಿಲ್ಲಬೇಕು. ಜನರ ಕೈಬಲದ ಮೇಲೆ ಇದನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಎರಡು ಉದ್ದನೆಯ ಗಟ್ಟಿ ಮರದ ತೊಲೆ, ಅವುಗಳ ತುದಿಗೆ ಎತ್ತರದ ನಾಲ್ಕು ಸ್ಟ್ಯಾಂಡು ಸಿದ್ಧ ಇಟ್ಟುಕೊಳ್ಳಿ. ಒಂದು ತೊಲೆ ಫೈರ್‌ವಾಲಿನ ಮೌಂಟುಗಳ ಕೆಳಗೆ, ಇನ್ನೊಂದು ಡಿಕ್ಕಿಯ ತಳದ ಮೌಂಟುಗಳ ಕೆಳಗೆ. ಬಾಡಿಯ ಭಾರ ಚಾಸಿಯ ಮೇಲೆ ಎಲ್ಲಿ ಕೂತಿತ್ತೋ ಇಲ್ಲೂ ಅಲ್ಲೇ ಕೂರಬೇಕು. ಬಾಡಿ ಎದ್ದೊಡನೆ ತೊಲೆ ತೂರಿಸಿ, ಸ್ಟ್ಯಾಂಡಿನ ಮೇಲೆ ಇಳಿಸಿ, ಆಮೇಲೆ ನಿಧಾನವಾಗಿ ಚಾಸಿ ತಳ್ಳಿ. ಯಾರೂ ಬಾಡಿಯ ಕೆಳಗೆ ತಲೆ ಹಾಕಕೂಡದು.

ಚಾಸಿ ಹೊರಬಂದ ಮೇಲೆ

ಮೊದಲು ಸೊಟ್ಟವಿದೆಯೇ ನೋಡಿ. ಎಡಕ್ಕೂ ಬಲಕ್ಕೂ ಒಂದೇ ಥರ ಇರುವ ತೂತುಗಳಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತ ಹೋಗಿ. ಚಾಸಿಯನ್ನು ಸರಿಸಿ, ನೆಲದ ಗುರುತುಗಳ ಕರ್ಣಗಳನ್ನು ಅಳೆಯಿರಿ. ಗಾರೆಯವರು ಪಾಯ ಹಾಕುವಾಗ ಮೂಲೆಮಟ್ಟ ನೋಡುವುದೂ ಹೀಗೆಯೇ. ಕರ್ಣಗಳು ಹೊಂದದಿದ್ದರೆ ತುಕ್ಕಿನ ಮಾತು ಆಮೇಲೆ, ಚಾಸಿಯನ್ನು ನೇರ ಮಾಡಿಸುವುದು ಮೊದಲು.

ಬ್ಲಾಸ್ಟಿಂಗ್ ಮಾಡಿಸಿದರೆ ಒಳಗಿನ ನಿಜಸ್ಥಿತಿ ಹೊರಬೀಳುತ್ತದೆ. ಚಾಸಿಗೆ ಅದು ಕ್ಷೇಮ, ಬಾಡಿಯ ಅಗಲವಾದ ತೆಳು ತಗಡಿಗೆ ಅಲ್ಲ, ಅಲೆ ಅಲೆಯಾಗಿ ಎದ್ದುಬಿಡುತ್ತದೆ. ಲೇಪನಕ್ಕೆ ಮೂರು ದಾರಿಗಳಿವೆ. ಬಿಸಿ ಸತುವಿನಲ್ಲಿ ಅದ್ದುವುದು ಒಳಹೊರಗೆ ರಕ್ಷಣೆ ಕೊಡುತ್ತದೆ, ಆದರೆ ಆ ತೊಟ್ಟಿಯ ಶಾಖ ಸುಮಾರು 450 ಡಿಗ್ರಿ ಸೆಲ್ಸಿಯಸ್, ಚಾಸಿ ಸೊಟ್ಟಗಾಗುವ ಅಪಾಯ ಇದ್ದೇ ಇದೆ. ಪೌಡರ್ ಕೋಟಿಂಗ್ ಕಣ್ಣಿಗೆ ಚೆಂದ, ಕಲ್ಲು ತಾಗಿ ಒಂದು ಕಡೆ ಎದ್ದರೆ ಅದರಡಿಯಲ್ಲಿ ತುಕ್ಕು ಸದ್ದಿಲ್ಲದೆ ಹರಡುತ್ತದೆ. ಎಪಾಕ್ಸಿ ಪ್ರೈಮರ್, ಮೇಲೆ ಒಳ್ಳೆಯ ಎರಡು ಭಾಗದ ಪೇಂಟು, ಪೆಟ್ಟಿಗೆಯಾಕಾರದ ಭಾಗಗಳ ಒಳಗೆ ಮೇಣದ ಸ್ಪ್ರೇ, ಇದು ನನ್ನ ಆಯ್ಕೆ. ಗೀರಿದರೆ ಬ್ರಷ್ಷಿನಲ್ಲೇ ಸರಿಮಾಡಬಹುದು.

ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಡಿಫರೆನ್ಷಿಯಲ್ ಸೀಲು, ಕ್ಲಚ್ಚು ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಪಟ್ಟಿ ಅಲ್ಲಿಗೇ ನಿಲ್ಲಲಿ. ಹೇಗೂ ಬಿಚ್ಚಿದೆಯಲ್ಲ, ಇದನ್ನೂ ಮಾಡೋಣ ಎನ್ನುತ್ತ ಹೋದರೆ ಬಾಡಿ ವಾಪಸ್ ಬರುವುದೇ ಇಲ್ಲ.

ಕಾಗದಪತ್ರದ ಬಗ್ಗೆಯೂ ಒಂದು ಮಾತು. ಭಾರತದಲ್ಲಿ 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ಮೀರಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000. ಚಾಸಿ, ಬಾಡಿ ಅಥವಾ ಎಂಜಿನ್ನಿನ ಮೂಲರೂಪ ಬದಲಾಗಿರಬಾರದು ಎಂಬುದು ಷರತ್ತು. ಹೆರಾಲ್ಡ್ ಬಿಚ್ಚುವವರು ನಂಬರಿನ ಫಲಕಗಳನ್ನು ಬ್ಲಾಸ್ಟಿಂಗಿಗೆ ಮೊದಲೇ ಜೋಪಾನ ಮಾಡಿ, ಪ್ರತಿ ಹಂತದ ಫೋಟೊ ಇಟ್ಟುಕೊಳ್ಳಬೇಕು. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಈ ತಾಪತ್ರಯ ಕಡಿಮೆ. ಅಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರಿಗೆ ವಾರ್ಷಿಕ ಎಂಒಟಿ ಪರೀಕ್ಷೆಯಿಂದ ವಿನಾಯಿತಿ ಇದೆ. ಬಾಡಿ ಎತ್ತಿ ಇಳಿಸಿದ ಕಾರನ್ನು ಆ ವಿನಾಯಿತಿ ಇದ್ದರೂ ಒಮ್ಮೆ ಪರೀಕ್ಷೆಗೆ ಒಯ್ಯುವುದು ಒಳ್ಳೆಯದು, ಬ್ರೇಕು ಸ್ಟಿಯರಿಂಗುಗಳನ್ನು ಇನ್ನೊಬ್ಬರ ಕಣ್ಣು ನೋಡಿದಂತಾಗುತ್ತದೆ.

ಬಾಡಿಯನ್ನು ಪೇಂಟಿಗೆ ಕಳಿಸುವ ಮೊದಲು ಒಮ್ಮೆ ಚಾಸಿಯ ಮೇಲೆ ಕೂರಿಸಿ ನೋಡಲೇಬೇಕು. ಎಂಜಿನ್, ಗೇರ್‌ಬಾಕ್ಸ್ ಚಾಸಿಯಲ್ಲಿ ಇರಲಿ, ಅವುಗಳ ಭಾರಕ್ಕೂ ಚಾಸಿ ತುಸು ಬಗ್ಗುತ್ತದೆ. ರಟ್ಟಿನ ನಕ್ಷೆ ನೋಡಿ ಹೊಸ ಪ್ಯಾಡುಗಳನ್ನು ಮೊದಲಿದ್ದ ದಪ್ಪಕ್ಕೇ ಇಡಿ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ತಿರುಗಿಸಿ ಬಿಡಿ, ಬಿಗಿಯಬೇಡಿ. ಬಾನೆಟ್ಟು, ಬಾಗಿಲು ತೂಗುಹಾಕಿ. ಬಾಗಿಲ ಸಂದು ಮೇಲ್ಗಡೆ ಕಿರಿದಾಗಿದ್ದರೆ ನಡುವಿನ ಮೌಂಟುಗಳಡಿ ಒಂದು ತೆಳು ಪಟ್ಟಿ ಸೇರಿಸಿ, ಕೆಳಗಡೆ ಕಿರಿದಾಗಿದ್ದರೆ ತೆಗೆಯಿರಿ. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಬಿಗಿದು ನೋಡಬೇಕು. ಒಂದಿಡೀ ದಿನ ಇದಕ್ಕೇ ಹೋಗಬಹುದು, ಹೋಗಲಿ. ಹಿಂದೆ ಬರೆದಿಟ್ಟ ಅಳತೆಗೆ ಎರಡೂ ಬಾಗಿಲು ಬಂದ ಮೇಲೆ ಆಸರೆಯ ಪೈಪು ತೆಗೆದು, ಅಳತೆ ನಿಂತಿದೆಯೇ ಎಂದು ಇನ್ನೊಮ್ಮೆ ನೋಡಿ, ಪೈಪನ್ನು ಮತ್ತೆ ಹಾಕಿ ಪೇಂಟಿಗೆ ಕಳಿಸಿ.

ಪೇಂಟ್ ಆಗಿ ಬಂದು ಕಾರು ಮತ್ತೆ ಚಕ್ರದ ಮೇಲೆ ನಿಂತ ಮೇಲೆ ರೇಡಿಯಸ್ ಆರ್ಮ್ ಬ್ರಾಕೆಟ್ಟಿನ ಪಟ್ಟಿಗಳನ್ನು ಮೊದಲಿದ್ದಷ್ಟೇ ಹಾಕಿ ಬಿಗಿಯಿರಿ. ಹಿಂದಿನ ಚಕ್ರಗಳು ನೇರ ನಿಲ್ಲುವುದನ್ನು ನಿರ್ಧರಿಸುವುದು ಅವೇ. ಬಾಡಿ ಒಂದೆರಡು ಮಿಲಿಮೀಟರ್ ಸರಿದು ಕೂತಿದ್ದರೂ ಆ ಅಳತೆ ತಪ್ಪಿರುತ್ತದೆ. ಅಲೈನ್‌ಮೆಂಟ್ ಮಾಡುವವರು ಸಾಮಾನ್ಯವಾಗಿ ಮುಂದಿನ ಚಕ್ರ ಮಾತ್ರ ನೋಡುತ್ತಾರೆ, ಹಿಂದಿನವನ್ನೂ ನೋಡಿ ಎಂದು ನೀವೇ ಹೇಳಬೇಕು. ಐನೂರು ಕಿಲೋಮೀಟರ್ ಓಡಿಸಿದ ಮೇಲೆ ಹೊಸ ಪ್ಯಾಡುಗಳು ಒತ್ತಿಕೊಂಡಿರುತ್ತವೆ. ಆಗ ಬಾಡಿಯ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿದು, ಹಿಂದಿನ ಅಲೈನ್‌ಮೆಂಟನ್ನು ಮತ್ತೆ ನೋಡಿಸಿ.